‘ರನ್’ ಪದಕ್ಕೆ 645 ಅರ್ಥಗಳಿಲ್ಲ

ಇಂಗ್ಲಿಷಿನ ‘ರನ್’ ಎಂಬ ಕ್ರಿಯಾಪದಕ್ಕೆ ಓಡುವುದು ಎಂದರ್ಥವೆಂದು ಮೂರನೆಯ ತರಗತಿಯ ಮಗುವೂ ಹೇಳುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ರನ್’ ಕಾಲುಳ್ಳ ಪ್ರಾಣಿಗಳ ಸೊತ್ತಲ್ಲ. ಅಲ್ಲಿ ನದಿ ‘ರನ್’ ಆಗುತ್ತದೆ, ತಿರುಗಿಸಿದ ನಲ್ಲಿ ಆಗುತ್ತದೆ, ನೆಗಡಿಯಾದವರ ಮೂಗು ಆಗುತ್ತದೆ, ನೀರಿಗೆ ಹಾಕಿದ ಬಟ್ಟೆಯ ಬಣ್ಣ ಆಗುತ್ತದೆ. ಗಡಿಯಾರ, ಎಂಜಿನ್, ಬಸ್ಸು, ಕಂಪ್ಯೂಟರಿನ ಪ್ರೋಗ್ರಾಂ ಎಲ್ಲಕ್ಕೂ ಅದೇ ಕ್ರಿಯಾಪದ. ಬಿದ್ದಲ್ಲೇ ಬಿದ್ದಿರುವ ರಸ್ತೆಯೂ ಬೆಟ್ಟದ ಬದಿಯಲ್ಲಿ ‘ರನ್’ ಆಗುತ್ತದೆ. ಹೋಟೆಲನ್ನು ‘ರನ್’ ಮಾಡುತ್ತಾರೆ, ಜ್ವರ ಬಂದವರು ಮೈಕಾವನ್ನು ‘ರನ್’ ಮಾಡುತ್ತಾರೆ. ಅಮೆರಿಕದಲ್ಲಿ ಚುನಾವಣೆಗೆ ಸ್ಪರ್ಧಿಸುವವರು ‘ರನ್’ ಆಗುತ್ತಾರೆ. ಬ್ರಿಟನ್ನಿನಲ್ಲಿ ಅದೇ ಕೆಲಸಕ್ಕೆ ‘ನಿಲ್ಲುವುದು’ ಎನ್ನುತ್ತಾರೆ, ಕನ್ನಡದಲ್ಲಿಯೂ ಅಭ್ಯರ್ಥಿ ಚುನಾವಣೆಗೆ ನಿಲ್ಲುತ್ತಾನೆ. ಕ್ರಿಕೆಟ್ಟಿಗೆ ಬಂದರೆ ‘ರನ್’ ಗೆಲುವು ಸೋಲಿನ ಲೆಕ್ಕವೇ ಆಗುತ್ತದೆ.

ಒಂದು ಪದದ ಈ ಹರವನ್ನು ಎಣಿಸುವ ಅಭ್ಯಾಸ ಹಳೆಯದು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ‘ಟೇಕ್’ ಎಂಬ ಕ್ರಿಯಾಪದಕ್ಕೆ 134 ಅರ್ಥಗಳನ್ನು ಕೊಟ್ಟಿತು. ಇಂಥ ಸಣ್ಣ ಕ್ರಿಯಾಪದಗಳೇ ನಿಘಂಟುಕಾರನನ್ನು ಹೆಚ್ಚು ಸತಾಯಿಸುತ್ತವೆಂದು ಜಾನ್ಸನ್ ತನ್ನ ಮುನ್ನುಡಿಯಲ್ಲಿ ಬರೆದಿದ್ದಾನೆ. ಅವನು ಅಲ್ಲಿ ಕೊಟ್ಟ ಪಟ್ಟಿಯಲ್ಲಿ ‘ಸೆಟ್’, ‘ಪುಟ್’, ‘ಗೋ’, ‘ಮೇಕ್’ಗಳ ಜೊತೆಗೆ ‘ರನ್’ ಕೂಡ ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ನದು: ಸುಮಾರು 430 ಅರ್ಥಗಳು, ಅವುಗಳ ವಿವರಣೆಗೆ ಸುಮಾರು 60,000 ಪದಗಳು. ಮೂರನೆಯ ಆವೃತ್ತಿಯ ಪರಿಷ್ಕರಣೆ ನಡೆಯುತ್ತಿದ್ದಂತೆ ಈ ಪಟ್ಟ ಕೈ ಬದಲಾಯಿಸಿತು. 2011ರ ಹೊತ್ತಿಗೆ ‘ರನ್’ ಎಂಬ ಕ್ರಿಯಾಪದವೊಂದಕ್ಕೇ 645 ಅರ್ಥಗಳೆಂಬ ಸುದ್ದಿ ಹರಡಿತು. ಆ ನಮೂದನ್ನು ಪರಿಷ್ಕರಿಸಲು ನಿಘಂಟಿನ ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿದಿತ್ತು.

ಈ ಸಂಖ್ಯೆಯ ಸುತ್ತ ಮೂರು ಅಭಿಪ್ರಾಯಗಳು ಗಟ್ಟಿಯಾಗಿ ಬೇರೂರಿವೆ. ಒಂದು ಪದಕ್ಕೆ ಇಷ್ಟು ಅರ್ಥಗಳಿರುವ ಇಂಗ್ಲಿಷ್ ಲೋಕದ ಅತ್ಯಂತ ಶ್ರೀಮಂತ ಭಾಷೆ ಎಂಬುದು ಒಂದು. ಇಷ್ಟು ಅರ್ಥಗಳು ಒಂದೇ ಪದಕ್ಕೆ ಜೋತುಬಿದ್ದಿರುವ ಇಂಗ್ಲಿಷಿಗೆ ತಲೆಬುಡವಿಲ್ಲ ಎಂಬುದು ಎರಡನೆಯದು. ಮೊದಲನೆಯದು ಹೆಮ್ಮೆಯ ಮಾತು, ಎರಡನೆಯದು ದೂರು. ಎರಡೂ ಒಂದೇ ನಂಬಿಕೆಯಿಂದ ಹುಟ್ಟಿವೆ. ಮೂರನೆಯದು ತರಗತಿಗಳಲ್ಲಿ ಚಾಲ್ತಿಯಲ್ಲಿರುವ ಅಭಿಪ್ರಾಯ: ಇಂಗ್ಲಿಷ್ ಕಲಿಯುವುದೆಂದರೆ ಪದಗಳ ಅರ್ಥಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದು, ಅರ್ಥಗಳು ಹೆಚ್ಚಿದ್ದರೆ ಬಾಯಿಪಾಠವೂ ಹೆಚ್ಚು.

ಮೂರೂ ತಪ್ಪು. ಅರ್ಥವೆಂಬುದು ಪದದೊಳಗೆ ಡಬ್ಬಿಯಲ್ಲಿನ ಕಾಳಿನಂತೆ ತುಂಬಿರುತ್ತದೆ, ಸುರಿದು ಎಣಿಸಬಹುದು ಎಂಬ ನಂಬಿಕೆಯೇ ಮೂರಕ್ಕೂ ಆಧಾರ. ಆ ನಂಬಿಕೆ ನಿಲ್ಲುವುದಿಲ್ಲ. 645 ಎಂಬುದು ಒಂದು ನಿಘಂಟು ತನ್ನ ಸಾಮಗ್ರಿಯನ್ನು ವಿಂಗಡಿಸಿದ ಲೆಕ್ಕ. ‘ರನ್’ ಎಂಬ ಪದದ ಗುಣವನ್ನು ಅದು ಹೇಳುವುದಿಲ್ಲ.

ಆ ಲೆಕ್ಕ ಹುಟ್ಟುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿ 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂತು. ಸಂಪಾದಕ ಜೇಮ್ಸ್ ಮರ್ರೆ ಆಕ್ಸ್‌ಫರ್ಡಿನ ತನ್ನ ಮನೆಯಂಗಳದ ತಗಡಿನ ಶೆಡ್ಡಿನಲ್ಲಿ ಕುಳಿತು ಕೆಲಸ ಮಾಡಿದ. ಸ್ವಯಂಸೇವಕರು ಹಳೆಯ ಹೊಸ ಪುಸ್ತಕಗಳನ್ನು ಓದಿ, ಒಂದು ಪದ ಬಂದ ವಾಕ್ಯವನ್ನು ಚೀಟಿಯಲ್ಲಿ ಬರೆದು ಅಲ್ಲಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ನಿಘಂಟುಕಾರನ ಕೈಗೆ ಬರುತ್ತಿದ್ದುದು ಅರ್ಥಗಳಲ್ಲ, ವಾಕ್ಯಗಳು. ಆ ಚೀಟಿಗಳನ್ನು ಗುಡ್ಡೆಗಳಾಗಿ ವಿಂಗಡಿಸಿ, ಒಂದೊಂದು ಗುಡ್ಡೆಗೆ ಒಂದೊಂದು ವಿವರಣೆ ಬರೆದು, ಅಂಕಿ ಹಾಕಿದಾಗ ‘ಅರ್ಥ 1’, ‘ಅರ್ಥ 2’ ಹುಟ್ಟುತ್ತವೆ. ಗುಡ್ಡೆ ಎಷ್ಟಿರಬೇಕೆಂದು ಚೀಟಿಗಳು ಹೇಳುವುದಿಲ್ಲ, ಸಂಪಾದಕ ತೀರ್ಮಾನಿಸುತ್ತಾನೆ.

ಮೇಜಿನ ಮೇಲೆ ಐದು ಚೀಟಿಗಳಿವೆ ಎಂದುಕೊಳ್ಳಬಹುದು. ಮೊದಲನೆಯದರಲ್ಲಿ ನದಿ ‘ರನ್’ ಆಗಿದೆ, ಎರಡನೆಯದರಲ್ಲಿ ನಲ್ಲಿ, ಮೂರನೆಯದರಲ್ಲಿ ಮೂಗು, ನಾಲ್ಕನೆಯದರಲ್ಲಿ ಬಟ್ಟೆಯ ಬಣ್ಣ, ಐದನೆಯದರಲ್ಲಿ ಉರಿಯುವ ಮೇಣದ ಬತ್ತಿಯ ಮೇಣ. ಇವನ್ನು ‘ದ್ರವ ಹರಿಯುವುದು’ ಎಂಬ ಒಂದೇ ಗುಡ್ಡೆಗೆ ಸೇರಿಸಬಹುದು. ನದಿಯಲ್ಲಿ ಹರಿಯುವುದು ನದಿಯೇ, ಆದರೆ ನಲ್ಲಿಯಿಂದ ಹರಿಯುವುದು ನೀರು, ನಲ್ಲಿಯಲ್ಲ ಎಂದು ಎರಡು ಮಾಡಬಹುದು. ಬಣ್ಣ ಹರಿಯುವುದಲ್ಲ, ಹರಡಿ ಕಲೆಯಾಗುವುದು ಎಂದು ಮೂರು ಮಾಡಬಹುದು. ಮೂಗು ಸೋರುವುದು ಕಾಯಿಲೆ, ಮೇಣ ಹರಿಯುವುದು ಕರಗಿದ್ದರಿಂದ ಎಂದು ಐದೂ ಮಾಡಬಹುದು. ಯಾವುದೂ ತಪ್ಪಲ್ಲ. ನಿಘಂಟುಕಾರರಲ್ಲಿ ಕೂಡಿಸುವವರೂ ಇದ್ದಾರೆ, ಒಡೆಯುವವರೂ ಇದ್ದಾರೆ. ಚಾರಿತ್ರಿಕ ನಿಘಂಟು ಒಡೆಯುವ ಕಡೆಗೇ ಹೆಚ್ಚು ವಾಲುತ್ತದೆ, ಏಕೆಂದರೆ ಪ್ರಯೋಗವೊಂದು ಯಾವ ಕಾಲದಲ್ಲಿ ಮೊದಲು ಕಾಣಿಸಿಕೊಂಡಿತು, ಯಾವಾಗ ಮರೆಯಾಯಿತು ಎಂಬುದನ್ನು ಅದು ದಾಖಲಿಸಬೇಕು. ಶತಮಾನಗಳ ಹಿಂದೆ ಸತ್ತುಹೋದ ಪ್ರಯೋಗವನ್ನೂ ಅದು ಕೈಬಿಡುವಂತಿಲ್ಲ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1985ರಲ್ಲಿ ಆರಂಭಿಸಿದ ‘ವರ್ಡ್‌ನೆಟ್’ ಎಂಬ ಪದಭಂಡಾರ ಇದಕ್ಕೆ ಒಳ್ಳೆಯ ಹೋಲಿಕೆ. ಅದರ 3.0 ಆವೃತ್ತಿಯಲ್ಲಿ ‘ರನ್’ ಕ್ರಿಯಾಪದಕ್ಕೆ 41 ಅರ್ಥಗಳಿವೆ. ಒಂದು ಕಡೆ 645, ಇನ್ನೊಂದು ಕಡೆ 41. ಭಾಷೆ ಒಂದೇ, ಪದ ಒಂದೇ. ಅರ್ಥಗಳು ಪದದೊಳಗಿನ ವಸ್ತುಗಳಾಗಿದ್ದರೆ ಎಣಿಕೆಯಲ್ಲಿ ಇಷ್ಟು ಅಂತರ ಬರಲು ಸಾಧ್ಯವಿರಲಿಲ್ಲ. ಜೀವನವಿಡೀ ನಿಘಂಟುಗಳ ನಡುವೆಯೇ ಕೆಲಸ ಮಾಡಿದ ಭಾಷಾವಿಜ್ಞಾನಿ ಆಡಮ್ ಕಿಲ್‌ಗ್ಯಾರಿಫ್, ಪದಕ್ಕೆ ಇಂತಿಷ್ಟೇ ಅರ್ಥಗಳಿವೆ ಎಂಬುದನ್ನು ತಾನು ನಂಬುವುದಿಲ್ಲ ಎಂಬರ್ಥದ ಶೀರ್ಷಿಕೆಯಲ್ಲೇ 1997ರಲ್ಲಿ ಪ್ರಬಂಧ ಪ್ರಕಟಿಸಿದ್ದು ಈ ಕಾರಣದಿಂದ. ನಿಘಂಟುಕಾರನಿಗೆ ಇದು ಗೊತ್ತಿದೆ. 645 ಎಂಬ ಅಂಕಿಯನ್ನು ಹೊತ್ತು ತಿರುಗುವವರಿಗೆ ಗೊತ್ತಿಲ್ಲ.

ಇನ್ನು ತಲೆಬುಡವಿಲ್ಲ ಎಂಬ ದೂರು. ಓಡುವುದಕ್ಕೂ ಹರಿಯುವುದಕ್ಕೂ ಏನು ಸಂಬಂಧ, ಕಾಲಿಲ್ಲದ ನೀರಿಗೆ ‘ರನ್’ ಯಾಕೆ ಎಂದು ಕೇಳುವವರು, ಓಡುವುದೇ ನಿಜವಾದ ಅರ್ಥ, ಉಳಿದವು ಆಮೇಲೆ ಅಂಟಿಕೊಂಡವು ಎಂದು ಭಾವಿಸುತ್ತಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಇಂಗ್ಲಿಷ್ ಸೇರಿರುವ ಜರ್ಮನಿಕ್ ಬಳಗದ ಮೂಲ ಧಾತುವಿಗೆ ಓಡು, ಹರಿ ಎಂಬ ಎರಡೂ ಅರ್ಥಗಳಿದ್ದವು. ಇಂದಿನ ಜರ್ಮನ್ ಭಾಷೆಯಲ್ಲಿ ಅದರಿಂದ ಬಂದ ‘ರಿನ್ನೆನ್’ ಹರಿಯುವುದಕ್ಕೆ, ಒಸರುವುದಕ್ಕೆ ಮೀಸಲು, ‘ರೆನ್ನೆನ್’ ಓಡುವುದಕ್ಕೆ. ಈ ಎರಡನೆಯದು ಮೂಲದಲ್ಲಿ ‘ಓಡಿಸು, ಹರಿಸು’ ಎಂಬ ಪ್ರೇರಣಾರ್ಥಕ ರೂಪ. ಜರ್ಮನ್ ಬೇರೆಯಾಗಿ ಉಳಿಸಿಕೊಂಡದ್ದನ್ನು ಇಂಗ್ಲಿಷ್ ಒಂದರಲ್ಲೇ ಬೆರೆಸಿತು. ಹೀಗಾಗಿ ನೀರು ‘ರನ್’ ಆಗುವುದು ಓಟದಷ್ಟೇ ಹಳೆಯದು. ಒಂದೇ ರೂಪ ‘ಓಡು’ವೂ ಆಗಿ ‘ಓಡಿಸು’ವೂ ಆಗಿರುವುದರಿಂದ, ಯಂತ್ರ ತಾನಾಗಿ ‘ರನ್’ ಆಗುತ್ತದೆ, ಮಾಲೀಕ ಅದನ್ನು ‘ರನ್’ ಮಾಡುತ್ತಾನೆ. ಯಂತ್ರವನ್ನು ನಡೆಸುವುದರಿಂದ ಅಂಗಡಿಯನ್ನು ನಡೆಸುವುದಕ್ಕೆ ಒಂದೇ ಹೆಜ್ಜೆ.

ಕನ್ನಡ ಓದುಗರಿಗೆ ಇದು ಅಪರಿಚಿತವಾಗಿ ತೋರಬೇಕಿಲ್ಲ. ಹಳಗನ್ನಡದ ‘ಪರಿ’ ಎಂಬ ಧಾತುವಿಗೂ ಓಡು, ಹರಿ ಎಂಬ ಎರಡು ಅರ್ಥಗಳಿದ್ದವು. ಹೊಸಗನ್ನಡದಲ್ಲಿ ಅದು ‘ಹರಿ’ಯಾಗಿ ಹೆಚ್ಚಾಗಿ ನೀರಿಗೇ ಉಳಿಯಿತು. ಆದರೂ ಜಾತ್ರೆಗೆ ಜನ ಹರಿದುಬರುತ್ತಾರೆ, ಹಾವು ಹರಿಯುತ್ತದೆ, ಸುದ್ದಿ ಹರಿದಾಡುತ್ತದೆ. ಎರಡು ಭಾಷಾಕುಟುಂಬಗಳು ಒಂದನ್ನೊಂದು ಕೇಳದೆಯೇ ಒಂದೇ ದಾರಿಯನ್ನು ಹಿಡಿದಿವೆ. ನೋಡುವ ಕಣ್ಣಿಗೆ ಓಟ ಮತ್ತು ಹರಿವು ಎರಡೂ ತಡೆಯಿಲ್ಲದ ವೇಗದ ಚಲನೆಗಳು ಎಂಬುದೇ ಕಾರಣ. ಕದಲದ ರಸ್ತೆಗೆ ಚಲನೆಯ ಕ್ರಿಯಾಪದ ಹಚ್ಚುವುದೂ ಇಂಗ್ಲಿಷಿನ ವಿಚಿತ್ರವಲ್ಲ: ಈ ರಸ್ತೆ ಶಿವಮೊಗ್ಗಕ್ಕೆ ಹೋಗುತ್ತದೆ ಎಂದೇ ಕನ್ನಡಿಗರೂ ಹೇಳುತ್ತಾರೆ. ಹೋಗುವುದು ರಸ್ತೆಯಲ್ಲ, ಅದರುದ್ದಕ್ಕೂ ಸಾಗುವ ಕಣ್ಣು. ಸಿನಿಮಾ ನೂರು ದಿನ ಓಡುವುದೂ ಹೀಗೆಯೇ.

‘ಸೆಟ್’ ಎಂಬ ಪದವೂ ಇದನ್ನೇ ಸಾರುತ್ತದೆ. ಅದರ ಕ್ರಿಯಾರೂಪ ‘ಸಿಟ್’ ಎಂಬುದರ ಪ್ರೇರಣಾರ್ಥಕ: ಕೂರು ಎಂಬುದಕ್ಕೆ ಕೂರಿಸು ಇದ್ದಂತೆ. ಉಂಗುರಕ್ಕೆ ಹರಳು ‘ಸೆಟ್’ ಮಾಡುವುದು, ಮುರಿದ ಮೂಳೆ ‘ಸೆಟ್’ ಮಾಡುವುದು, ಅಚ್ಚುಮೊಳೆ ‘ಸೆಟ್’ ಮಾಡುವುದು ಎಲ್ಲವೂ ಒಂದನ್ನು ಅದರ ಜಾಗದಲ್ಲಿ ಕೂರಿಸುವ ಕೆಲಸಗಳು. ಅಕ್ಕಸಾಲಿಗರು ಕನ್ನಡದಲ್ಲೂ ಹರಳನ್ನು ಕೂರಿಸುತ್ತಾರೆ. ಆದರೆ ಪಾತ್ರೆಗಳ ಸೆಟ್ಟು, ಗಣಿತದ ಸೆಟ್ಟು ಎನ್ನುವಾಗಿನ ‘ಸೆಟ್’ ಹಿಂದೆ ಬೇರೊಂದು ಪದವಿದೆ. ಪಂಥ, ಅನುಯಾಯಿಗಳ ಗುಂಪು ಎಂಬರ್ಥದ ಲ್ಯಾಟಿನ್ ‘ಸೆಕ್ಟ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಉಚ್ಚಾರ ಸವೆದು, ಮೊದಲೇ ಇದ್ದ ‘ಸೆಟ್’ನೊಂದಿಗೆ ಬೆರೆಯಿತು. ಕರ್ನಾಟಕದ ಗಣಿತ ಪಠ್ಯಗಳು ಈ ಎರಡನೆಯ ‘ಸೆಟ್’ಗೆ ‘ಗಣ’ ಎಂದು ಹೆಸರಿಟ್ಟು ಸರಿಯಾದ ದಾರಿ ಹಿಡಿದವು. ಗೊಂದಲದಂತೆ ಕಾಣುವ ಕಡೆ ಹೀಗೆ ಒಂದೋ ಕ್ರಮವಿರುತ್ತದೆ, ಇಲ್ಲವೇ ಚರಿತ್ರೆಯಿರುತ್ತದೆ.

ಈ ಕ್ರಮ ಎಷ್ಟು ಸೂಕ್ಷ್ಮವಾಗಿರಬಲ್ಲದೆಂದು ತೋರಿಸಿದವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್. 1980ರ ದಶಕದಲ್ಲಿ ಅವರ ತಂಡ ನಿಜವಾದ ಬರವಣಿಗೆ ಮತ್ತು ಮಾತುಗಳ ದೊಡ್ಡ ಸಂಗ್ರಹವನ್ನು ಕಂಪ್ಯೂಟರಿಗೆ ಸೇರಿಸಿ, ಒಂದೊಂದು ಪದದ ಅಕ್ಕಪಕ್ಕ ಯಾವ ಪದಗಳು ಬರುತ್ತವೆಂದು ಪರಿಶೀಲಿಸಿತು. ‘ಸೆಟ್ ಇನ್’ ಎಂಬ ಜೋಡಿಗೆ ನಿಘಂಟುಗಳು ‘ಶುರುವಾಗಿ ನೆಲೆಯೂರುವುದು’ ಎಂದು ಅರ್ಥ ಹೇಳುತ್ತಿದ್ದವು. ಸಿಂಕ್ಲೇರ್ ವಾಕ್ಯಗಳನ್ನು ಸಾಲಾಗಿಟ್ಟು ನೋಡಿದಾಗ ಹಾಗೆ ನೆಲೆಯೂರುವುದು ಬಹುಪಾಲು ಕೊಳೆತ, ಅವನತಿ, ಹತಾಶೆ, ಸೋಂಕು, ಪೂರ್ವಗ್ರಹದಂಥ ಬೇಡದ ಸಂಗತಿಗಳೇ ಎಂದು ತಿಳಿಯಿತು. ಒಳ್ಳೆಯದು ‘ಸೆಟ್ ಇನ್’ ಆಗುವುದು ಅಪರೂಪ. ಇದನ್ನು ಯಾರೂ ಯಾವ ಇಂಗ್ಲಿಷ್ ಮಗುವಿಗೂ ಹೇಳಿಕೊಟ್ಟಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಕನ್ನಡದ ‘ಹಿಡಿ’ಯಲ್ಲಿಯೂ ಇಂಥದೇ ನಿಯಮವೊಂದಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ರೊಟ್ಟಿಗೆ ಬೂಷ್ಟು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹಿಡಿಯುತ್ತದೆ, ಸೂರ್ಯನಿಗೆ ಗ್ರಹಣ ಹಿಡಿಯುತ್ತದೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ. ಅದೃಷ್ಟ ಮಾತ್ರ ಹಿಡಿಯುವುದಿಲ್ಲ, ಒಲಿಯುತ್ತದೆ. ಪದವೊಂದನ್ನೇ ಬಿಡಿಸಿ ನೋಡುವವರಿಗೆ ಈ ನಿಯಮ ಎಂದಿಗೂ ಕಾಣದು. ವಾಕ್ಯಗಳನ್ನು ನೋಡುವವರಿಗೆ ತಾನಾಗಿ ಕಾಣುತ್ತದೆ.

ಅರ್ಥಗಳು ಹೆಚ್ಚಾದಷ್ಟೂ ಅರ್ಥವಾಗುವುದು ಕಷ್ಟ ಎಂಬ ವಾದವನ್ನೂ ಪರೀಕ್ಷಿಸಬೇಕು. 1949ರಲ್ಲಿ ಯಂತ್ರಾನುವಾದದ ಕನಸು ಕಂಡ ಅಮೆರಿಕದ ಗಣಿತಜ್ಞ ವಾರನ್ ವೀವರ್ ಒಂದು ಚಿತ್ರವನ್ನು ಮುಂದಿಟ್ಟ. ಪುಸ್ತಕದ ಪುಟದ ಮೇಲೆ ರಟ್ಟು ಮುಚ್ಚಿ, ಒಂದೇ ಪದ ಕಾಣುವಷ್ಟು ಕಿಂಡಿ ಮಾಡಿದರೆ ಆ ಪದದ ಅರ್ಥ ಇದೇ ಎಂದು ಹೇಳಲಾಗದು. ಕಿಂಡಿಯನ್ನು ಅಕ್ಕಪಕ್ಕದ ಕೆಲವು ಪದಗಳಷ್ಟು ಅಗಲಿಸಿದರೆ ಸಂದೇಹ ತೀರುತ್ತದೆ. ನಾನಾರ್ಥದ ಬಗೆಗಿನ ದೂರೆಲ್ಲ ಒಂದೇ ಪದದ ಕಿಂಡಿಯಲ್ಲಿ ಇಣುಕುವವರ ದೂರು. ಮಾತನಾಡುವವರು ಹಾಗೆ ಇಣುಕುವುದಿಲ್ಲ. ‘ಮೂಗು’ ಎಂಬ ಪದ ಬಂದ ಮೇಲೆ ಬರುವ ‘ರನ್’ ಚುನಾವಣೆಯದಾಗಿರಬಹುದೆಂದು ಯಾವ ಇಂಗ್ಲಿಷ್ ಮನೆಯ ತಾಯಿಯೂ ಅನುಮಾನಿಸುವುದಿಲ್ಲ.

ಮನಶ್ಶಾಸ್ತ್ರಜ್ಞ ಡೇವಿಡ್ ಸ್ವಿನ್ನಿ 1979ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಒಳಗುಟ್ಟನ್ನು ತೋರಿಸಿತು. ಇಂಗ್ಲಿಷಿನ ‘ಬಗ್ಸ್’ ಕೀಟಗಳೂ ಹೌದು, ಕದ್ದು ಕೇಳುವ ಉಪಕರಣಗಳೂ ಹೌದು. ಕೋಣೆಯ ಮೂಲೆಯಲ್ಲಿ ಜೇಡ, ಜಿರಲೆಗಳ ಜೊತೆ ‘ಬಗ್ಸ್’ ಕಂಡವು ಎಂಬ ವಾಕ್ಯವನ್ನು ಕೇಳಿಸುತ್ತ, ಆ ಪದ ಕಿವಿಗೆ ಬಿದ್ದ ಕೂಡಲೇ ತೆರೆಯ ಮೇಲೆ ‘ಇರುವೆ’ ಅಥವಾ ‘ಗೂಢಚಾರ’ ಎಂಬರ್ಥದ ಪದಗಳನ್ನು ತೋರಿಸಲಾಯಿತು. ಕೇಳುಗರು ಎರಡನ್ನೂ ಬೇಗ ಗುರುತಿಸಿದರು. ಕೇವಲ ಮೂರು ಅಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತಿನ ನಂತರ ತೋರಿಸಿದಾಗ ‘ಇರುವೆ’ಗೆ ಮಾತ್ರ ಆ ವೇಗ ಉಳಿದಿತ್ತು. ಬೇಡದ ಅರ್ಥ ಕ್ಷಣದೊಳಗೆ ಆರಿಹೋಗುತ್ತದೆ; ಆರಿಸಿದ್ದು ಕೇಳುಗನ ಅರಿವಿಗೂ ಬರುವುದಿಲ್ಲ. ಇಷ್ಟು ಸುಲಭವಾಗಿ ನಡೆಯುವ ಕೆಲಸವನ್ನು ಹೊರೆ ಎನ್ನುವುದು ಸರಿಯಲ್ಲ. ಸಂದರ್ಭ ಸಿಕ್ಕೇ ಸಿಗುತ್ತದೆ ಎಂದಾದ ಮೇಲೆ, ಉಚ್ಚರಿಸಲು ಸುಲಭವಾದ ಚಿಕ್ಕ ಪದಗಳನ್ನೇ ಮತ್ತೆ ಮತ್ತೆ ಬಳಸುವುದು ಭಾಷೆಗೆ ಲಾಭ ಎಂದು ಸ್ಟೀವನ್ ಪಿಯಾಂಟಡೋಸಿ ಮತ್ತು ಸಹೋದ್ಯೋಗಿಗಳು 2012ರಲ್ಲಿ ವಾದಿಸಿ ತೋರಿಸಿದ್ದಾರೆ.

ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆ ಎಂಬ ಮಾತು ಭಾರತೀಯ ಚಿಂತನೆಗೆ ಹೊಸದಲ್ಲ. ಊಟಕ್ಕೆ ಕುಳಿತವನು ‘ಸೈಂಧವ ತಾ’ ಎಂದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಅದನ್ನೇ ಹೇಳಿದರೆ ಕುದುರೆ: ಈ ಉದಾಹರಣೆ ಸಂಸ್ಕೃತ ಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಭರ್ತೃಹರಿಯ ‘ವಾಕ್ಯಪದೀಯ’ದ ಎರಡನೆಯ ಕಾಂಡ ನಾನಾರ್ಥದ ಪದಕ್ಕೆ ಅರ್ಥ ನಿರ್ಣಯಿಸುವ ಸಾಧನಗಳನ್ನು ಪಟ್ಟಿ ಮಾಡುತ್ತದೆ: ಸಾಹಚರ್ಯ, ವಿರೋಧ, ಪ್ರಕರಣ, ಇನ್ನೊಂದು ಶಬ್ದದ ಸನ್ನಿಧಿ, ಔಚಿತ್ಯ, ದೇಶ, ಕಾಲ ಮೊದಲಾದವು. ಅರ್ಥದ ನೆಲೆ ವಾಕ್ಯವೇ, ಪದಗಳು ವಿಶ್ಲೇಷಣೆಗಾಗಿ ಬಿಡಿಸಿಕೊಂಡ ತುಂಡುಗಳು ಎಂಬುದು ಅವನ ನಿಲುವು.

ಪಟ್ಟಿಯಲ್ಲಿದ್ದರೆ ಸಾಕು, ಅದು ಅರ್ಥವೇ ಎಂಬ ನಂಬಿಕೆ ಎಂಥ ಬೆಲೆ ತೆರಿಸಬಲ್ಲದೆಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1993ರಲ್ಲಿ ತೀರ್ಮಾನಿಸಿದ ಸ್ಮಿತ್ ಪ್ರಕರಣ ಸಾಕ್ಷಿ. ಮಾದಕ ದ್ರವ್ಯದ ಅಪರಾಧದಲ್ಲಿ ಬಂದೂಕನ್ನು ‘ಯೂಸ್’ ಮಾಡಿದವರಿಗೆ ಅಲ್ಲಿನ ಕಾನೂನು ಹೆಚ್ಚುವರಿ ಶಿಕ್ಷೆ ವಿಧಿಸುತ್ತದೆ. ಸ್ಮಿತ್ ಬಂದೂಕಿನಿಂದ ಯಾರಿಗೂ ಗುರಿಯಿಡಲಿಲ್ಲ, ಯಾರನ್ನೂ ಬೆದರಿಸಲಿಲ್ಲ. ಎರಡು ಔನ್ಸ್ ಕೊಕೇನಿಗೆ ಬದಲಾಗಿ ಅದನ್ನು ಕೊಡಲು ಮುಂದಾದ. ಎದುರಿದ್ದವನು ವೇಷ ಮರೆಸಿದ ಪೊಲೀಸ್. ಬಹುಮತದ ಆರು ನ್ಯಾಯಮೂರ್ತಿಗಳ ಪರವಾಗಿ ಬರೆದ ಸಾಂಡ್ರಾ ಡೇ ಓ’ಕಾನರ್ ನಿಘಂಟುಗಳನ್ನು ತೆರೆದು, ‘ಯೂಸ್’ ಎಂದರೆ ಉಪಯೋಗಕ್ಕೆ ತಂದುಕೊಳ್ಳುವುದು, ವಿನಿಮಯವೂ ಉಪಯೋಗವೇ ಎಂದರು. ಆ ಆಯುಧ ಮೆಷಿನ್‌ಗನ್ ವರ್ಗದ್ದಾಗಿದ್ದರಿಂದ 30 ವರ್ಷಗಳ ಕಡ್ಡಾಯ ಶಿಕ್ಷೆ ಖಾಯಂ ಆಯಿತು. ಭಿನ್ನಮತದ ತೀರ್ಪು ಬರೆದ ಆಂಟನಿನ್ ಸ್ಕಾಲಿಯಾ ಊರುಗೋಲಿನ ಉದಾಹರಣೆ ಕೊಟ್ಟರು: ಒಬ್ಬರು ಊರುಗೋಲು ‘ಯೂಸ್’ ಮಾಡುತ್ತಾರೆಯೇ ಎಂದು ಕೇಳಿದರೆ, ಅದನ್ನು ಊರಿಕೊಂಡು ನಡೆಯುತ್ತಾರೆಯೇ ಎಂದೇ ಪ್ರಶ್ನೆ, ಅಜ್ಜನ ಕಾಲದ ಕೋಲನ್ನು ಹಜಾರದಲ್ಲಿ ಅಲಂಕಾರಕ್ಕೆ ಇಟ್ಟಿದ್ದಾರೆಯೇ ಎಂದಲ್ಲ. ಬಂದೂಕು ಪಕ್ಕದಲ್ಲಿರುವಾಗ ‘ಯೂಸ್’ಗೆ ಬರುವ ಅರ್ಥ ಆಯುಧವಾಗಿ ಬಳಸುವುದು. ಮುಂದೆ 2007ರಲ್ಲಿ ಅದೇ ಕೋರ್ಟು, ಮಾದಕ ದ್ರವ್ಯ ಕೊಟ್ಟು ಬಂದೂಕು ಪಡೆದವನು ಅದನ್ನು ‘ಯೂಸ್’ ಮಾಡಿದಂತಾಗದು ಎಂದು ತೀರ್ಪಿತ್ತಿತು. ಆಗ ಅದು ನೆಚ್ಚಿದ್ದು ಸಾಮಾನ್ಯ ಮಾತಿನ ರೂಢಿಯನ್ನು. ನಿಘಂಟಿನಲ್ಲಿ ಒಂದು ಅರ್ಥ ಇದೆ ಎಂಬುದು ಸಾಧ್ಯತೆಯನ್ನಷ್ಟೇ ಹೇಳುತ್ತದೆ. ಈ ವಾಕ್ಯದಲ್ಲಿ ಅದೇ ಇದೆ ಎನ್ನಲು ಬೇರೆ ಆಧಾರ ಬೇಕು.

ನಾನಾರ್ಥ ಇಂಗ್ಲಿಷಿನ ವಿಶೇಷ ಸಂಪತ್ತು ಎಂಬ ಹೆಮ್ಮೆಯೂ ನಿಲ್ಲುವುದಿಲ್ಲ. ಈ ಗುಣಕ್ಕೆ ‘ಪಾಲಿಸೆಮಿ’ ಎಂಬ ಹೆಸರನ್ನು 1897ರಲ್ಲಿ ಕೊಟ್ಟವನು ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ವಿದ್ವಾಂಸ. ಅಮೆರಿಕದ ಜಾರ್ಜ್ ಜಿಪ್ಫ್ 1945ರಲ್ಲಿ ತೋರಿಸಿದಂತೆ, ಪದವೊಂದು ಎಷ್ಟು ಹೆಚ್ಚು ಬಳಕೆಯಾಗುತ್ತದೋ ನಿಘಂಟಿನಲ್ಲಿ ಅದರ ಅರ್ಥಗಳೂ ಅಷ್ಟು ಹೆಚ್ಚುತ್ತವೆ. ಬಳಕೆಯ ವರ್ಗಮೂಲದಷ್ಟು ಎಂಬುದು ಅವನ ಸೂತ್ರ. ದಿನನಿತ್ಯದ ಚಿಕ್ಕ ಕ್ರಿಯಾಪದಗಳೇ ಎಲ್ಲ ಭಾಷೆಗಳಲ್ಲೂ ಹೆಚ್ಚಿನ ಹೊರೆ ಹೊರುತ್ತವೆ. ಕನ್ನಡದ ‘ಹೊಡೆ’ಯನ್ನು ನೋಡಿದರೆ ಸಾಕು. ಮೊಳೆ ಹೊಡೆಯುತ್ತಾರೆ, ಗೋಡೆಗೆ ಬಣ್ಣ ಹೊಡೆಯುತ್ತಾರೆ, ಬೆಳೆಗೆ ಔಷಧಿ ಹೊಡೆಯುತ್ತಾರೆ, ಗಾಡಿ ಹೊಡೆಯುತ್ತಾರೆ, ಗಂಟೆ ಹೊಡೆಯುತ್ತಾರೆ, ಕಣ್ಣು ಹೊಡೆಯುತ್ತಾರೆ, ಹರಟೆ ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾರೆ, ರಾತ್ರಿ ಗೊರಕೆ ಹೊಡೆಯುತ್ತಾರೆ. ವಾಸನೆ ತಾನಾಗಿ ಹೊಡೆಯುತ್ತದೆ, ಲಾಟರಿಯೂ ಹೊಡೆಯುತ್ತದೆ. ಆಕ್ಸ್‌ಫರ್ಡಿನಷ್ಟು ಸಣ್ಣದಾಗಿ ಒಡೆಯುವ ನಿಘಂಟುಕಾರ ಇದರಿಂದಲೂ ಉದ್ದನೆಯ ಪಟ್ಟಿ ತೆಗೆಯಬಲ್ಲ. ಹೀಗಿದ್ದೂ ಕನ್ನಡಕ್ಕೆ ತಲೆಬುಡವಿಲ್ಲ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಕನ್ನಡಿಗರು ‘ಹೊಡೆ’ಯ ಅರ್ಥಗಳನ್ನು ಎಣಿಸಿ ಕಲಿತಿಲ್ಲ, ಆಡಿ ಕಲಿತಿದ್ದಾರೆ.

ಒಂದು ಪದಕ್ಕೆ ಒಂದೇ ಅರ್ಥವಿದ್ದರೆ ಚೆನ್ನ ಎಂಬ ಹಂಬಲವೂ ಪರೀಕ್ಷೆಗೆ ಒಳಗಾಗಿದೆ. ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ 1668ರಲ್ಲಿ ಲೋಕದ ವಸ್ತುಗಳನ್ನೆಲ್ಲ ವರ್ಗೀಕರಿಸಿ, ಒಂದೊಂದಕ್ಕೆ ಒಂದೊಂದೇ ಸಂಕೇತವಿರುವ ಭಾಷೆಯನ್ನು ರಚಿಸಿದ. ಅದನ್ನು ಆಡುವ ಜನ ಹುಟ್ಟಲಿಲ್ಲ. ಸಿ. ಕೆ. ಆಗ್ಡನ್ 1930ರಲ್ಲಿ ಇನ್ನೊಂದು ದಾರಿ ಹಿಡಿದು 850 ಪದಗಳ ‘ಬೇಸಿಕ್ ಇಂಗ್ಲಿಷ್’ ರೂಪಿಸಿದ. ಅದರಲ್ಲಿ ಕ್ರಿಯಾಪದಗಳು 18 ಮಾತ್ರ. 1943ರಲ್ಲಿ ಚರ್ಚಿಲ್ ಅದಕ್ಕೆ ಬಹಿರಂಗ ಬೆಂಬಲ ಕೊಟ್ಟರು. ಆದರೆ ಕೈಬಿಟ್ಟ ಸಾವಿರಾರು ಕ್ರಿಯಾಪದಗಳ ಕೆಲಸವನ್ನೆಲ್ಲ ‘ಪುಟ್’, ‘ಗೆಟ್’, ‘ಟೇಕ್’, ‘ಗಿವ್’ಗಳೇ ‘ಅಪ್’, ‘ಆಫ್’, ‘ಇನ್’ಗಳ ಜೊತೆಗೂಡಿ ಮಾಡಬೇಕಾಯಿತು. ಪದಗಳು ಕಡಿಮೆಯಾದವು, ಒಂದೊಂದು ಪದದ ಹೊರೆ ಹೆಚ್ಚಿತು. ಕಲಿಯುವವರಿಗೆ ಕಷ್ಟ ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು.

ಪದಕ್ಕೊಂದೇ ಅರ್ಥ ಎಂಬ ಕಟ್ಟುಪಾಡು ಅಗತ್ಯವಾಗುವ ಜಾಗಗಳು ಇವೆ, ಅದನ್ನು ಅಲ್ಲಗಳೆಯಬೇಕಿಲ್ಲ. ವಿಮಾನಗಳ ದುರಸ್ತಿ ಕೈಪಿಡಿಗಳಿಗಾಗಿ ರೂಪಿಸಿದ ಸರಳ ತಾಂತ್ರಿಕ ಇಂಗ್ಲಿಷಿನಲ್ಲಿ ‘ಫಾಲೋ’ ಎಂದರೆ ಹಿಂದೆ ಬರುವುದು ಮಾತ್ರ. ಸೂಚನೆಯನ್ನು ಪಾಲಿಸುವುದಕ್ಕೆ ‘ಒಬೆ’ ಎಂಬ ಬೇರೆ ಪದವಿದೆ. ರಾತ್ರಿ ಪಾಳಿಯಲ್ಲಿ ಎಂಜಿನ್ ಬಿಚ್ಚಿ ಕುಳಿತ ತಂತ್ರಜ್ಞನಿಗೆ ಇಂಗ್ಲಿಷ್ ಪರಭಾಷೆಯಾಗಿರಬಹುದು. ಒಂದು ತಪ್ಪು ತಿಳಿವಳಿಕೆ ಪ್ರಾಣಕ್ಕೆ ಎರವಾಗಬಹುದು. ಆದರೆ ಆ ಶಿಸ್ತು ಸಾಧ್ಯವಾಗಿರುವುದು ಅಲ್ಲಿನ ವಿಷಯ ಸೀಮಿತವಾಗಿರುವುದರಿಂದ. ಬದುಕಿನ ಎಲ್ಲ ವಿಷಯಗಳಿಗೆ ಅದನ್ನು ಹಬ್ಬಿಸಿದರೆ ಪದಗಳ ಸಂಖ್ಯೆ ನೆನಪಿನ ಎಲ್ಲೆ ಮೀರುತ್ತದೆ.

ಈ ತಪ್ಪು ನಂಬಿಕೆಯ ನಿಜವಾದ ಪೆಟ್ಟು ಬೀಳುವುದು ಮಕ್ಕಳ ಮೇಲೆ. ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮುಗಿದ ಮೇಲೆ ನೋಟುಪುಸ್ತಕದಲ್ಲಿ ಗೆರೆ ಎಳೆದು, ಎಡಕ್ಕೆ ಪದ, ಬಲಕ್ಕೆ ಅರ್ಥ ಬರೆಸುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ‘ರನ್’ ಎಂದರೆ ಓಡು ಎಂದು ಬರೆದುಕೊಂಡ ಮಗುವಿನ ಮುಂದೆ ‘ನೋಸ್ ಈಸ್ ರನ್ನಿಂಗ್’ ಎಂಬ ವಾಕ್ಯ ಬಂದರೆ ಆ ಅರ್ಥ ಕೈಕೊಡುತ್ತದೆ. ಆಗ ಮಗು ತನಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಳ್ಳುತ್ತದೆ. ತಪ್ಪು ಮಗುವಿನದಲ್ಲ, ಗೆರೆ ಎಳೆದ ನೋಟುಪುಸ್ತಕದ್ದು. ಅದೇ ಮಗು ಮನೆಯಲ್ಲಿ ಬೆಳೆಗೆ ಔಷಧಿ ಹೊಡೆಯುವುದನ್ನೂ ಅಜ್ಜ ಗೊರಕೆ ಹೊಡೆಯುವುದನ್ನೂ ಯಾವ ಪಟ್ಟಿಯಿಲ್ಲದೆ ಕಲಿತಿದೆ. ಆ ಶಕ್ತಿಯನ್ನು ಬಳಸಿಕೊಳ್ಳದೆ ಪಟ್ಟಿಗೆ ಕಟ್ಟಿಹಾಕುವುದು ಅನ್ಯಾಯ.

ಬೇರೆ ದಾರಿ ಇಲ್ಲದಿಲ್ಲ. ಸಿಂಕ್ಲೇರ್ ತಂಡ 1987ರಲ್ಲಿ ಹೊರತಂದ ‘ಕೋಬಿಲ್ಡ್’ ನಿಘಂಟು ಪದದ ಮುಂದೆ ಸಮಾನಪದ ಬರೆಯುವುದನ್ನು ಬಿಟ್ಟು, ಪದವನ್ನು ಪೂರ್ಣ ವಾಕ್ಯದೊಳಗೆ ಇಟ್ಟೇ ವಿವರಿಸಿತು. ಕನ್ನಡದಲ್ಲಿಯೂ ಇದಕ್ಕೆ ಗಟ್ಟಿಯಾದ ಪರಂಪರೆಯಿದೆ. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಕಾವ್ಯಗಳ, ಗಾದೆಗಳ ಪ್ರಯೋಗಗಳನ್ನು ಕೊಟ್ಟೇ ಅರ್ಥ ಹೇಳಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಆಕ್ಸ್‌ಫರ್ಡಿನಂತೆಯೇ, ಶಾಸನ ಮತ್ತು ಗ್ರಂಥಗಳಿಂದ ಆಯ್ದ ವಾಕ್ಯಗಳ ಮೇಲೆ ನಿಂತಿದೆ. ಅದರ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯ ಅವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುವಾಗಲೂ ಪ್ರಯೋಗವನ್ನೇ ಆಧಾರವಾಗಿ ಹಿಡಿದರು. ದೊಡ್ಡ ನಿಘಂಟುಗಳಲ್ಲಿ ಅಂಕಿಗಳು ಹುಡುಕುವವರ ಅನುಕೂಲಕ್ಕೆ ಇವೆ. ಜೀವ ಇರುವುದು ಅಂಕಿಯ ಕೆಳಗಿನ ವಾಕ್ಯಗಳಲ್ಲಿ.

ಆದ್ದರಿಂದ ‘ರನ್’ಗೆ ಎಷ್ಟು ಅರ್ಥ ಎಂಬ ಪ್ರಶ್ನೆಯನ್ನೇ ಬಿಡಬೇಕು. ಈ ವಾಕ್ಯದಲ್ಲಿ ‘ರನ್’ ಏನು ಮಾಡುತ್ತಿದೆ ಎಂಬುದೇ ಕೇಳತಕ್ಕ ಪ್ರಶ್ನೆ, ಅದಕ್ಕೆ ಪ್ರತಿ ಬಾರಿಯೂ ಒಂದೇ ಉತ್ತರ ಇರುತ್ತದೆ. ಶಿಕ್ಷಕರು ಹಲಗೆಯ ಮೇಲೆ ಪದ ಬರೆದು ಪಕ್ಕದಲ್ಲಿ ಅರ್ಥ ಬರೆಯುವ ಬದಲು, ಆ ಪದವಿರುವ ಮೂರು ವಾಕ್ಯಗಳನ್ನು ಬರೆಯಲಿ. ಅರ್ಥವನ್ನು ಮಕ್ಕಳೇ ಹೇಳುತ್ತಾರೆ.